ನಾಲಿಗೆಯ ನೆರೆಮನೆ

ಕೂಸಿಗೆ ಅನ್ನ ಉಣಿಸುವ ತಾಯಿಯ ಮುಖವನ್ನು ಒಮ್ಮೆ ಗಮನಿಸಬೇಕು. ಎಲ್ಲರ ಕಣ್ಣೂ ಸಹಜವಾಗಿ ಕೂಸಿನ ಕಡೆಗೇ ಹೋಗುತ್ತದೆ. ಆದರೆ ಸ್ವಾರಸ್ಯವಿರುವುದು ತಾಯಿಯ ಮುಖದಲ್ಲಿ. ಹಾಲನ್ನವನ್ನು ಬೆರಳ ತುದಿಯಲ್ಲಿ ನುಣ್ಣಗೆ ಮಾಡಿ, ಪುಟ್ಟ ತುತ್ತು ಕಟ್ಟಿ, ಅದನ್ನು ಮಗುವಿನ ತುಟಿಯ ಬಳಿಗೆ ಒಯ್ಯುವಾಗ ಆಕೆಯ ಬಾಯಿಯೂ ತಾನಾಗಿ ತೆರೆದುಕೊಳ್ಳುತ್ತದೆ. ತುತ್ತು ಒಳಗೆ ಹೋದೊಡನೆ ಮಗುವಿನ ತುಟಿಗಳೊಂದಿಗೆ ಆಕೆಯ ತುಟಿಗಳೂ ಮುಚ್ಚಿಕೊಳ್ಳುತ್ತವೆ. ಆಕೆಯ ಊಟವಾಗಿದ್ದರೂ ಅಷ್ಟೆ, ಆಗದಿದ್ದರೂ ಅಷ್ಟೆ. ಪಕ್ಕದಲ್ಲಿ ಕುಳಿತ ಅತ್ತೆ ಇದನ್ನು ತೋರಿಸಿಕೊಟ್ಟರೆ ಆಕೆ ನಾಚಿ ನಗುತ್ತಾಳೆ. ಮರುತುತ್ತಿಗೆ ಬಾಯಿ ಮತ್ತೆ ತೆರೆಯುತ್ತದೆ.

ಅದೇ ಮನೆಯ ಪಡಸಾಲೆಯಲ್ಲಿ ಆಕೆಯ ಹಿರಿಯ ಮಗ ಅಕ್ಷರ ತಿದ್ದುತ್ತಿದ್ದಾನೆ. 'ಳ' ಎಂಬ ಅಕ್ಷರವೆಂದರೆ ಅವನಿಗೆ ತುಸು ಭಯ. ಪೆನ್ಸಿಲು ಹಿಡಿದ ಬೆರಳುಗಳು ಅತ್ತ ತಿರುಗಿ ಇತ್ತ ಸುಳಿದಂತೆಲ್ಲ ಅವನ ನಾಲಿಗೆಯ ತುದಿ ತುಟಿಯ ಅಂಚಿನಿಂದ ಹೊರಬಂದು ತಾನೂ ಅಷ್ಟಷ್ಟು ಸುಳಿಯುತ್ತದೆ. ಬರೆಯುವುದು ಕೈ, ನಾಲಿಗೆಗೆ ಅಲ್ಲೇನು ಕೆಲಸ? ಒಳಗಿನ ಕೋಣೆಯಲ್ಲಿ ಅಜ್ಜ ಟೆಲಿವಿಷನ್ನಿನ ಮುಂದೆ ಕುಳಿತು ಕ್ರಿಕೆಟ್ ನೋಡುತ್ತಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು. ಎದ್ದು ನಡೆಯುವುದಕ್ಕೂ ಕೋಲು ಬೇಕು. ಆದರೆ ಆಟಗಾರ ಕಾಲು ಮುಂದಿಟ್ಟು ಚೆಂಡನ್ನು ಬೀಸಿ ಹೊಡೆದಾಗ ಅಜ್ಜನ ಭುಜವೂ ಕುರ್ಚಿಯಲ್ಲಿಯೇ ಒಂದಿಷ್ಟು ಬೀಸಿಕೊಳ್ಳುತ್ತದೆ.

ಇಂಥ ಮನೆ ಯಾವ ಊರಿನ ಯಾವ ಬೀದಿಯಲ್ಲಿಯಾದರೂ ಇದ್ದೀತು. ನೋಡುವುದು, ಮಾಡುವುದು, ಆಡುವುದು ಎಂಬ ಮೂರು ಕೆಲಸಗಳನ್ನು ಭಾಷೆ ಬೇರೆಬೇರೆ ಪದಗಳಲ್ಲಿ ಹೇಳುತ್ತದೆ. ನೋಡುವುದಕ್ಕೆ ಕಣ್ಣು, ಮಾಡುವುದಕ್ಕೆ ಕೈ, ಆಡುವುದಕ್ಕೆ ನಾಲಿಗೆ ಎಂದು ಅಂಗಗಳನ್ನೂ ಹಂಚಿಕೊಟ್ಟಿದೆ. ಆದರೆ ಈ ಮೂವರೂ ಬೇರೆಬೇರೆ ಊರಿನವರಲ್ಲ, ಅಕ್ಕಪಕ್ಕದ ಮನೆಯವರು, ಒಬ್ಬರ ಮನೆಯ ಸದ್ದು ಇನ್ನೊಬ್ಬರಿಗೆ ಗೋಡೆಯಾಚೆ ಕೇಳಿಸುತ್ತಲೇ ಇರುತ್ತದೆ. ಈ ಸಂಗತಿ ವಿಜ್ಞಾನಕ್ಕೆ ತಿಳಿದುಬಂದ ಕಥೆ ದೀರ್ಘವಾದದ್ದು. ಅದು ಪ್ರಾರಂಭವಾಗುವುದು ಮಾತು ಕಳೆದುಕೊಂಡ ಒಬ್ಬ ಬಡ ಕೆಲಸಗಾರನಿಂದ.

ಆತನ ಹೆಸರು ಲೂಯಿ ವಿಕ್ಟರ್ ಲೆಬೋರ್ನ್. ಹುಟ್ಟಿದ್ದು 1809ರಲ್ಲಿ, ಫ್ರಾನ್ಸ್ ದೇಶದ ಮೊರೆ ಎಂಬ ಸಣ್ಣ ಊರಿನಲ್ಲಿ. ತಂದೆ ಶಾಲೆಯ ಉಪಾಧ್ಯಾಯ. ಮಗ ಪ್ಯಾರಿಸ್ಸಿಗೆ ಬಂದು ಕೈಕಸುಬನ್ನು ಹಿಡಿದ. ಪಾದರಕ್ಷೆ ಹೊಲಿಯುವವರಿಗೆ ಬೇಕಾದ ಮರದ ಅಚ್ಚುಗಳನ್ನು ಕೆತ್ತುವುದು ಆತನ ಉದ್ಯೋಗ. ಚಿಕ್ಕಂದಿನಿಂದ ಮೂರ್ಛೆರೋಗ ಆತನನ್ನು ಕಾಡುತ್ತಿತ್ತು. ಮೂವತ್ತರ ಸುಮಾರಿಗೆ ಆತನ ಮಾತು ನಿಂತುಹೋಯಿತು. ಪ್ಯಾರಿಸ್ ನಗರದ ಅಂಚಿನಲ್ಲಿರುವ ಬಿಸೆತ್ರ್ ಆಸ್ಪತ್ರೆಗೆ ಆತನನ್ನು ಸೇರಿಸಿದರು. ಅಲ್ಲಿಂದ ಆತ ಮತ್ತೆ ಹೊರಗೆ ಬರಲಿಲ್ಲ.

ಯಾರು ಏನು ಕೇಳಿದರೂ ಆತನ ಬಾಯಿಂದ ಬರುತ್ತಿದ್ದುದು 'ತಾಂ' ಎಂಬ ಒಂದೇ ಉಚ್ಚಾರ. ಸಾಮಾನ್ಯವಾಗಿ 'ತಾಂ ತಾಂ' ಎಂದು ಎರಡು ಸಲ. ಹೆಸರೇನು ಎಂದರೆ ತಾಂ. ಹಸಿವೆಯೇ ಎಂದರೆ ತಾಂ. ಆಸ್ಪತ್ರೆಯಲ್ಲಿ ಆತನ ಹೆಸರೇ ತಾಂ ಎಂದಾಯಿತು. ತೀರ ಕೋಪ ಬಂದಾಗ ಮಾತ್ರ ಒಂದು ಬೈಗುಳ ಇಡಿಯಾಗಿ, ಸ್ಪಷ್ಟವಾಗಿ ಹೊರಬೀಳುತ್ತಿತ್ತು. ಮನಸ್ಸಿನಲ್ಲಿದ್ದುದನ್ನು ಹೇಳಹೊರಟರೆ ಬಾರದ ಮಾತು, ಹೇಳಬೇಕೆಂಬ ಯೋಚನೆಯೇ ಇಲ್ಲದಾಗ ತಾನಾಗಿ ಬರುತ್ತಿತ್ತು! ಜೊತೆಯ ರೋಗಿಗಳಿಗೆ ಆತನನ್ನು ಕಂಡರೆ ಆಗುತ್ತಿರಲಿಲ್ಲ. ಸ್ವಾರ್ಥಿ, ಹಗೆ ಸಾಧಿಸುವವನು, ಕಳ್ಳನೂ ಹೌದು ಎಂದು ಅವರು ದೂರುತ್ತಿದ್ದರು. ತನ್ನ ಮೇಲೆ ಹೊರಿಸಿದ ಕಳವನ್ನು ಅಲ್ಲವೆನ್ನಲು ಒಂದು ಶಬ್ದವೂ ಇಲ್ಲದ ಮನುಷ್ಯ ಕೋಪಿಷ್ಠನಾದರೆ ಏನಾಶ್ಚರ್ಯ? ಸುಮಾರು ಹತ್ತು ವರ್ಷಗಳ ತರುವಾಯ ಆತನ ಬಲಗೈಯೂ ಸೋಲಲಾರಂಭಿಸಿತು, ಆಮೇಲೆ ಬಲಗಾಲು. ಅಚ್ಚು ಕೆತ್ತುತ್ತಿದ್ದ ಕೈ ಹಾಸಿಗೆಯ ಮೇಲೆ ನಿಶ್ಚಲವಾಗಿ ಬಿದ್ದುಕೊಂಡಿತು.

1861ರ ಏಪ್ರಿಲ್ 11ರಂದು, ಕಾಲಿನ ಕೊಳೆವ್ರಣ ಉಲ್ಬಣಿಸಿ, ಲೆಬೋರ್ನ್‌ನನ್ನು ಶಸ್ತ್ರಚಿಕಿತ್ಸೆಯ ವಾರ್ಡಿಗೆ ತಂದರು. ಅಲ್ಲಿದ್ದ ವೈದ್ಯ ಪಾಲ್ ಬ್ರೋಕ; 36 ವರ್ಷದ ತರುಣ. ರೋಗಿ ಉಳಿಯುವುದಿಲ್ಲವೆಂದು ಬ್ರೋಕನಿಗೆ ತಿಳಿದಿತ್ತು. ಆದರೂ ಆತ ಕುಳಿತು ಪ್ರಶ್ನೆ ಕೇಳಿದ. 'ಬಿಸೆತ್ರ್‌ಗೆ ಬಂದು ಎಷ್ಟು ವರ್ಷವಾಯಿತು?'

ಲೆಬೋರ್ನ್ ತನ್ನ ಕೈಯನ್ನು ತೆರೆದ, ಮುಚ್ಚಿದ, ಮತ್ತೆ ತೆರೆದ. ಹೀಗೆ ನಾಲ್ಕು ಸಲ ಐದು ಬೆರಳನ್ನೂ ಬಿಡಿಸಿ ತೋರಿಸಿ, ಕೊನೆಗೆ ಒಂದೇ ಬೆರಳನ್ನು ಎತ್ತಿದ. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು, ಆತ ಅಲ್ಲಿಗೆ ಬಂದು 21 ವರ್ಷವಾಗಿತ್ತು. ಮಾರನೆಯ ದಿನ ಬ್ರೋಕ ಅದೇ ಪ್ರಶ್ನೆಯನ್ನು ಕೇಳಿದಾಗ ಅದೇ ಉತ್ತರ ಬಂದಿತು. ಮೂರನೆಯ ಸಲ ಕೇಳಿದಾಗ, ಇದು ತನ್ನ ಬುದ್ಧಿಯನ್ನು ಒರೆಗೆ ಹಚ್ಚುವ ಆಟವೆಂದು ಲೆಬೋರ್ನ್‌ಗೆ ಅರ್ಥವಾಯಿತು. ಆತನ ಮುಖ ಕೆರಳಿತು. ಆ ಒಂದು ಬೈಗುಳ ಹೊರಬಿದ್ದಿತು.

ಈ ದೃಶ್ಯವನ್ನು ಕಣ್ಮುಂದೆ ತಂದುಕೊಂಡವರು ಸುಲಭವಾಗಿ ಮರೆಯಲಾರರು. ಇಪ್ಪತ್ತೊಂದು ವರ್ಷ ಮಾತಿಲ್ಲದೆ ಕಳೆದವನು ವರ್ಷಗಳನ್ನು ಒಂದೊಂದಾಗಿ ಎಣಿಸಿಟ್ಟುಕೊಂಡಿದ್ದ. ಕೇಳುವವರಿಗಾಗಿ ಕಾಯುತ್ತಿದ್ದ.

ಏಪ್ರಿಲ್ 17ರಂದು ಲೆಬೋರ್ನ್ ತೀರಿಕೊಂಡ. ಬ್ರೋಕ ಆತನ ಮಿದುಳನ್ನು ಹೊರತೆಗೆದು ನೋಡಿದಾಗ, ಎಡಭಾಗದ ಮುಂಪಾಲಿನಲ್ಲಿ ಕೋಳಿಮೊಟ್ಟೆ ಹಿಡಿಸುವಷ್ಟು ದೊಡ್ಡ ಗುಳಿ ಕಂಡಿತು. ಮಾರನೆಯ ದಿನವೇ ಆತ ಅದನ್ನು ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಮುಂದಿಟ್ಟ. ಅದೇ ವರ್ಷ ಎರಡನೆಯ ರೋಗಿ ಸಿಕ್ಕಿದ. ಲೆಲೋಂ ಎಂಬ 84 ವರ್ಷದ ವೃದ್ಧ. ಈತನಿಗೆ ಉಳಿದಿದ್ದುದು ನಾಲ್ಕೈದು ಮಾತು ಮಾತ್ರ. ಸಂಖ್ಯೆಯ ಪ್ರಸ್ತಾಪ ಬಂದರೆ ಎಲ್ಲಕ್ಕೂ ಒಂದೇ ಪದ. ಫ್ರೆಂಚಿನ 'ಮೂರು' ಎಂಬುದರ ಮುರಿದ ರೂಪ. ಮಕ್ಕಳೆಷ್ಟು ಎಂದರೆ ಬಾಯಿ 'ಮೂರು' ಎನ್ನುತ್ತಿತ್ತು. ಕೈ ನಾಲ್ಕು ಬೆರಳನ್ನು ಎತ್ತುತ್ತಿತ್ತು. ಗಂಡುಮಕ್ಕಳೆಷ್ಟು? ಬಾಯಿ 'ಮೂರು', ಕೈ ಎರಡು. ನಾಲಿಗೆ ತಪ್ಪಿದ್ದನ್ನು ಕೈ ಅಲ್ಲಿಯೇ ತಿದ್ದುತ್ತಿತ್ತು. ಲೆಲೋಂನ ಮಿದುಳಿನಲ್ಲಿಯೂ ಹೆಚ್ಚು ಕಡಮೆ ಅದೇ ಸ್ಥಳ ಕೆಟ್ಟಿತ್ತು. ಮುಂದೆ ಇನ್ನೂ ಹಲವು ರೋಗಿಗಳನ್ನು ನೋಡಿ, ಮಾತಿನ ಶಕ್ತಿ ಬಹುಮಟ್ಟಿಗೆ ಮಿದುಳಿನ ಎಡಪಾಲಿನಲ್ಲಿದೆ ಎಂದು ಬ್ರೋಕ 1865ರಲ್ಲಿ ಸಾರಿದ. ಕಿವಿಯ ಮೇಲ್ಗಡೆ, ಹಣೆಯ ಎಡಬದಿಗೆ ಹತ್ತಿರವಾಗಿರುವ ಆ ಸ್ಥಳಕ್ಕೆ ಇಂದಿಗೂ ಬ್ರೋಕನ ಪ್ರದೇಶವೆಂದೇ ಹೆಸರು. ರೋಗದಿಂದ ಹೀಗೆ ಭಾಷೆ ಕೆಡುವುದನ್ನು ವೈದ್ಯರು ಅಫೇಸಿಯಾ ಎನ್ನುತ್ತಾರೆ.

ಆದರೆ ಬ್ರೋಕನ ಪ್ರದೇಶದ ನೆರೆಯವರು ಯಾರು? ಇದಕ್ಕೆ ಉತ್ತರ ದೊರಕುವುದಕ್ಕೆ ಬಹಳ ಕಾಲ ಹಿಡಿಯಿತು. ಕೆನಡಾ ದೇಶದ ಮಾಂಟ್ರಿಯಲ್ಲಿನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯ ಮೂರ್ಛೆರೋಗಿಗಳಿಗೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ. ರೋಗಿ ಎಚ್ಚರವಾಗಿರುವಾಗಲೇ ಮಿದುಳಿನ ಮೇಲ್ಮೈಯನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ, ಎಲ್ಲಿ ಮುಟ್ಟಿದರೆ ಯಾವ ಅಂಗ ಅಲುಗುತ್ತದೆಂದು ಗುರುತು ಹಾಕಿಕೊಂಡ. 1937ರಲ್ಲಿ ಪ್ರಕಟವಾದ ಆ ನಕ್ಷೆ ವಿಚಿತ್ರವಾಗಿತ್ತು. ಬೆನ್ನು ಎಷ್ಟು ವಿಶಾಲವಾಗಿದ್ದರೂ ಮಿದುಳಿನಲ್ಲಿ ಅದಕ್ಕೆ ದಕ್ಕಿರುವುದು ಅಂಗೈಯಗಲದ ನಿವೇಶನ. ಕೈಗೂ ಬಾಯಿಗೂ ದೊಡ್ಡ ದೊಡ್ಡ ಬಂಗಲೆಗಳು. ಇಷ್ಟೇ ಅಲ್ಲ, ದೇಹದಲ್ಲಿ ಮಾರು ದೂರವಿರುವ ಕೈಬೆರಳೂ ತುಟಿಯೂ ಮಿದುಳಿನ ಬೀದಿಯಲ್ಲಿ ಹತ್ತಿರದ ನೆರೆಯವರು. ಆ ಬೀದಿಯ ಬಾಯಿಯ ಮನೆಗೆ ಮುಂಬಾಗಿಲಿನಂತೆ, ತುಸು ಮುಂದಕ್ಕೆ, ಬ್ರೋಕನ ಪ್ರದೇಶವಿದೆ.

ಅಕ್ಷರ ತಿದ್ದುವ ಹುಡುಗನ ನಾಲಿಗೆ ಹೊರಗೆ ಬರುವುದು ಏಕೆಂಬುದು ಈಗ ಸ್ವಲ್ಪ ಮಟ್ಟಿಗೆ ಅರ್ಥವಾಗುತ್ತದೆ. ಇಟಲಿಯ ಪಾರ್ಮ ನಗರದ ವಿಜ್ಞಾನಿಗಳು 2001ರಲ್ಲಿ ಇದನ್ನು ಅಳತೆ ಮಾಡಿಯೂ ನೋಡಿದರು. ಜನರಿಗೆ ಒಂದು ಕೈಯಿಂದ ಚಿಕ್ಕ ವಸ್ತುವನ್ನೊಮ್ಮೆ, ದೊಡ್ಡ ವಸ್ತುವನ್ನೊಮ್ಮೆ ಹಿಡಿಯಲು ಹೇಳಿ, ಅದೇ ಹೊತ್ತಿಗೆ ಬಾಯಿ ತೆರೆಯಲು ಹೇಳಿದರು. ಕೈ ದೊಡ್ಡದನ್ನು ಹಿಡಿದಾಗ ಬಾಯಿಯೂ ಹೆಚ್ಚು ಅಗಲವಾಗಿ ತೆರೆಯಿತು. ಕೈಯ ಸಿದ್ಧತೆ ಬಾಯಿಗೂ ಸೋರಿಹೋಗಿತ್ತು. ನೆರೆಮನೆಯ ಒಗ್ಗರಣೆ ಘಾಟು ಈ ಮನೆಯವರಿಗೂ ಸೀನು ತರಿಸುವ ಹಾಗೆ.

ಈ ಪಾರ್ಮ ನಗರದ ಹೆಸರು ಅದಕ್ಕೆ ಮುಂಚೆಯೇ ಪ್ರಸಿದ್ಧವಾಗಿತ್ತು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಜಾಕೊಮೊ ರಿಜ್ಜೊಲಾಟಿ ಮತ್ತು ಅವರ ಸಂಗಡಿಗರು ಕೋತಿಗಳ ಮಿದುಳಿನಲ್ಲಿ ಕೂದಲೆಳೆಯಂಥ ತಂತಿಗಳನ್ನಿಟ್ಟು, ಒಂದೊಂದು ನರಕೋಶದ ವಿದ್ಯುತ್ ಮಿಡಿತವನ್ನೂ ಕೇಳುತ್ತಿದ್ದರು. ಕೋತಿ ತಿನಿಸನ್ನು ಹಿಡಿಯಲು ಕೈ ಚಾಚಿದಾಗ ಮಿಡಿಯುವ ಕೋಶಗಳು ಅಲ್ಲಿದ್ದವು. ಅವು ಕೈಕೆಲಸದ ಕೋಶಗಳೆಂದು ಗೊತ್ತಿದ್ದ ಸಂಗತಿಯೇ. ಆದರೆ ಅವುಗಳಲ್ಲಿ ಕೆಲವು, ಕೋತಿ ತೆಪ್ಪಗೆ ಕುಳಿತಿದ್ದಾಗ, ಎದುರಿಗಿದ್ದ ಮನುಷ್ಯ ಕೈ ಚಾಚಿ ತಿನಿಸನ್ನು ಎತ್ತಿಕೊಂಡದ್ದನ್ನು ಕಂಡೊಡನೆಯೂ ಮಿಡಿದವು. ಮಾಡುವುದಕ್ಕಿದ್ದ ಕೋಶ ನೋಡಿದ್ದಕ್ಕೇ ಮಿಡಿಯುತ್ತಿತ್ತು! ಮೊದಲ ವರದಿ ಬಂದದ್ದು 1992ರಲ್ಲಿ. 1996ರಲ್ಲಿ ಪ್ರಕಟವಾದ ವಿಸ್ತಾರವಾದ ಲೇಖನದಲ್ಲಿ, ಪರೀಕ್ಷಿಸಿದ 532 ಕೋಶಗಳಲ್ಲಿ 92 ಕೋಶಗಳಿಗೆ ಈ ಗುಣವಿತ್ತೆಂದು ಬರೆದರು. ಎದುರಿನವರ ಚಲನೆಯನ್ನು ಒಳಗೆ ಬಿಂಬಿಸುವ ಕಾರಣ ಅವುಗಳಿಗೆ 'ಕನ್ನಡಿ ನರಕೋಶ'ಗಳೆಂಬ ಹೆಸರು ಬಿದ್ದಿತು. ತಿನಿಸು ಸುಮ್ಮನೆ ಎದುರಿಗಿದ್ದರೆ ಅವು ಮಿಡಿಯುತ್ತಿರಲಿಲ್ಲ. ಕೈ ಅದನ್ನು ಹಿಡಿಯುವುದನ್ನು ಕಾಣಬೇಕಿತ್ತು. 2002ರಲ್ಲಿ ಇನ್ನೊಂದು ಬೆರಗು ಹೊರಬಂದಿತು. ಕಡಲೆಕಾಯಿ ಒಡೆಯುವುದನ್ನು ಕಣ್ಣಾರೆ ಕಾಣಬೇಕೆಂದೂ ಇಲ್ಲ, ಸಿಪ್ಪೆ ಚಟ್ಟೆಂದ ಸದ್ದು ಕೇಳಿದರೂ ಸಾಕು, ಕೆಲವು ಕೋಶಗಳು ಮಿಡಿಯುತ್ತಿದ್ದವು.

ಈ ಕೋಶಗಳಿದ್ದ ಸ್ಥಳ ಯಾವುದು? ಕೋತಿಯ ಮಿದುಳಿನಲ್ಲಿ ಅದು ಸರಿಸುಮಾರು ಮನುಷ್ಯನ ಬ್ರೋಕನ ಪ್ರದೇಶಕ್ಕೆ ಸಮನಾದ ಜಾಗವೆಂದು ಈ ವಿಜ್ಞಾನಿಗಳು ಎಣಿಸಿದರು. ಕೋತಿಗೆ ಮಾತಿಲ್ಲ, ಆದರೆ ಮುಂದೆ ಮನುಷ್ಯನಲ್ಲಿ ಮಾತು ಬಂದು ನೆಲೆಸಿದ ಮನೆಯಲ್ಲಿ ಅದಕ್ಕೂ ಮುಂಚೆ ವಾಸವಾಗಿದ್ದುದು ಕೈಕೆಲಸ ಮತ್ತು ಅದರ ನೋಟ! 1998ರಲ್ಲಿ ರಿಜ್ಜೊಲಾಟಿ ಮತ್ತು ಮೈಕೆಲ್ ಆರ್ಬಿಬ್ ಇಬ್ಬರೂ ಸೇರಿ ಒಂದು ಸಿದ್ಧಾಂತವನ್ನು ಮಂಡಿಸಿದರು. ಮಾತು ಹುಟ್ಟಿದ್ದು ಕೂಗಿನಿಂದಲ್ಲ, ಕೈಸನ್ನೆಯಿಂದ. ಒಬ್ಬ ಹಿಡಿದದ್ದನ್ನು ಇನ್ನೊಬ್ಬ ನೋಡಿ ತನ್ನೊಳಗೆ ಹಿಡಿದುಕೊಂಡ. ಹಿಡಿತ ಸನ್ನೆಯಾಯಿತು, ಸನ್ನೆ ಬಾಯಿಗೆ ಏರಿ ಮಾತಾಯಿತು ಎಂಬುದು ಅದರ ತಾತ್ಪರ್ಯ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಊಟವನ್ನೂ ಮಾತನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಗಾದೆ ಮಾಡಿದ ಹಿರಿಯರ ಮನಸ್ಸಿನಲ್ಲಿದ್ದುದು ಬೇರೆ ಅರ್ಥ; ಆದರೆ ಈ ಸಿದ್ಧಾಂತವನ್ನು ಓದಿದವರಿಗೆ ತುತ್ತನ್ನು ಬಾಯಿಗೆ ತಂದ ಕೈಯೇ ಮಾತನ್ನೂ ಅಲ್ಲಿಗೆ ತಂದಿತೇನೋ ಎನ್ನಿಸದಿರದು.

ಮನುಷ್ಯರಲ್ಲಿ ಹೀಗೆ ತಂತಿ ಹಾಕಿ ನೋಡುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಬೇರೆ ಉಪಾಯ ಬೇಕು. ಲುಚಾನೊ ಫಾದಿಗ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ತಲೆಯ ಹೊರಗಿನಿಂದ ಅಯಸ್ಕಾಂತದ ಮಿಡಿತ ಕೊಟ್ಟು ಸ್ನಾಯುಗಳ ಪ್ರತಿಕ್ರಿಯೆಯನ್ನು ಅಳೆದರು. ಇನ್ನೊಬ್ಬರು ವಸ್ತುವನ್ನು ಹಿಡಿಯುವುದನ್ನು ನೋಡುತ್ತಿದ್ದಾಗ, ನೋಡುವವರ ಕೈಯ ಸ್ನಾಯುಗಳೇ ಹೆಚ್ಚು ಸಿದ್ಧವಾಗಿರುತ್ತಿದ್ದವು. ಇದು 1995ರ ಮಾತು. 2002ರಲ್ಲಿ ಅವರು ಇದೇ ಉಪಾಯವನ್ನು ನಾಲಿಗೆಗೆ ಹೂಡಿದರು. ಜನರು ಸುಮ್ಮನೆ ಕುಳಿತು ಇಟಾಲಿಯನ್ ಶಬ್ದಗಳನ್ನು ಕೇಳಬೇಕು, ಅಷ್ಟೆ. ಕೆಲವು ಶಬ್ದಗಳಲ್ಲಿ ನಾಲಿಗೆಯನ್ನು ಕಂಪಿಸಬೇಕಾದ 'ರ್ರ'; ಕೆಲವುಗಳಲ್ಲಿ ತುಟಿಯಿಂದ ಆಗುವ 'ಫ್ಫ'. 'ರ್ರ' ಕೇಳಿದಾಗ ಕೇಳುಗನ ನಾಲಿಗೆಯ ಸ್ನಾಯು ಹೆಚ್ಚಾಗಿ ಮಿಡಿಯಿತು. ಬಾಯಿ ಮುಚ್ಚಿತ್ತು, ನಾಲಿಗೆ ಒಳಗೇ ಸದ್ದಿಲ್ಲದೆ ಜೊತೆಗೂಡಿತ್ತು.

ಕನ್ನಡದ ವರ್ಣಮಾಲೆಯನ್ನು ಕಲಿತವರಿಗೆ ಇದು ತೀರ ಅಪರಿಚಿತವೆನಿಸಬೇಕಾಗಿಲ್ಲ. ಕ, ಚ, ಟ, ತ, ಪ ಎಂಬ ವರ್ಗಗಳು ಕಿವಿಗೆ ಕೇಳುವ ಇಂಪನ್ನು ಅನುಸರಿಸಿದವುಗಳಲ್ಲ. ಕಂಠ, ತಾಲು, ಮೂರ್ಧ, ದಂತ, ಓಷ್ಠ ಎಂದು ಗಂಟಲಿನಿಂದ ತುಟಿಯವರೆಗೆ ನಾಲಿಗೆ ನಡೆದುಬರುವ ದಾರಿಯನ್ನು ಅನುಸರಿಸಿದವು. ಭಾರತದ ಪ್ರಾಚೀನ ಶಿಕ್ಷಾಶಾಸ್ತ್ರಕಾರರು ಅಕ್ಷರವನ್ನು ಒಂದು ಚಲನೆಯೆಂದೇ ಬಗೆದಿದ್ದರು. ಶಾಲೆಯ ಮಗು ವರ್ಣಮಾಲೆಯನ್ನು ಒಪ್ಪಿಸುವಾಗ, ಅದು ತನ್ನ ಬಾಯಿಯ ಭೂಪಟವನ್ನೇ ಓದುತ್ತಿರುತ್ತದೆ.

ಇಷ್ಟು ಸೊಗಸಾದ ಸಂಗತಿ ಸಿಕ್ಕಿದ ಮೇಲೆ ಜನ ಸುಮ್ಮನಿರುವರೇ? ಕನ್ನಡಿ ನರಕೋಶಗಳಿಗೆ ಒಂದಾದ ಮೇಲೊಂದು ಬಿರುದು ಬಂದವು. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ವಿ. ಎಸ್. ರಾಮಚಂದ್ರನ್ ಅವರು, ಜೀವಶಾಸ್ತ್ರಕ್ಕೆ ಡಿಎನ್‌ಎ ಮಾಡಿದ ಉಪಕಾರವನ್ನು ಮನಶ್ಶಾಸ್ತ್ರಕ್ಕೆ ಈ ಕೋಶಗಳು ಮಾಡುವುವೆಂದು 2000ದಲ್ಲಿ ಭವಿಷ್ಯ ನುಡಿದರು. ಅನುಕಂಪ, ಕಲೆ, ಸಂಸ್ಕೃತಿ ಎಲ್ಲವನ್ನೂ ಈ ಕೋಶಗಳ ಖಾತೆಗೇ ಬರೆಯುವ ಉತ್ಸಾಹ ಕಾಣಿಸಿಕೊಂಡಿತು. ಅಮೆರಿಕದ ಗ್ರೆಗರಿ ಹಿಕಾಕ್ ಎಂಬ ವಿದ್ವಾಂಸರು 2009ರಲ್ಲಿ ಒಂದು ಲೇಖನದಲ್ಲಿಯೂ 2014ರಲ್ಲಿ ಒಂದು ಪುಸ್ತಕದಲ್ಲಿಯೂ ಇದನ್ನು ಕಟುವಾಗಿ ವಿಮರ್ಶಿಸಿದರು. ಎದುರಿನವರ ಮಾತನ್ನು ಅರ್ಥಮಾಡಿಕೊಳ್ಳಲು ತನ್ನ ನಾಲಿಗೆಯ ಯಂತ್ರವೇ ಬೇಕೆಂದಾದರೆ, ಆ ಯಂತ್ರ ಮುರಿದವನಿಗೆ ಮಾತು ಅರ್ಥವೇ ಆಗಬಾರದಲ್ಲ ಎಂಬುದು ಇಂಥ ಆಕ್ಷೇಪಗಳ ತಿರುಳು.

ಈ ವಾದಕ್ಕೆ ಸಾಕ್ಷಿ ಹೇಳಲು ಲೆಬೋರ್ನ್‌ನೇ ಎದ್ದು ಬರುತ್ತಾನೆ. ಆತನ ಬ್ರೋಕನ ಪ್ರದೇಶ ಹಾಳಾಗಿತ್ತು; ಒಂದು ಶಬ್ದವನ್ನು ಕಟ್ಟಲಾರ. ಆದರೆ ಪ್ರಶ್ನೆ ಅರ್ಥವಾಯಿತು. 21 ವರ್ಷದ ಲೆಕ್ಕ ನೆನಪಿತ್ತು. ಹಾಗಾದರೆ ನೋಟ, ಚಲನೆ, ಮಾತು ನೆರೆಹೊರೆಯವೆಂಬುದು ದಿಟ. ಒಂದು ಇನ್ನೊಂದಕ್ಕೆ ನೆರವಾಗುತ್ತದೆಂಬುದೂ ದಿಟ. ಆದರೆ ಒಂದು ಮನೆ ಬಿದ್ದಿತೆಂದು ಬೀದಿಯೇ ಬಿದ್ದುಹೋಗುವುದಿಲ್ಲ. ಬ್ರೋಕ ಆ ಮಿದುಳನ್ನು ಸೀಳದೆ ಹಾಗೆಯೇ ಕಾದಿರಿಸಿದ್ದರಿಂದ, 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಅವರ ಸಂಗಡಿಗರು ಅದನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಲು ಸಾಧ್ಯವಾಯಿತು. ಹಾನಿ ಹೊರಮೈಗೆ ಸೀಮಿತವಾಗಿರಲಿಲ್ಲ. ಒಳಗೆ ಆಳಕ್ಕಿಳಿದು, ಮಿದುಳಿನ ಹಿಂದುಮುಂದುಗಳನ್ನು ಜೋಡಿಸುವ ನರತಂತುಗಳ ಕಟ್ಟನ್ನೂ ಹರಿದಿತ್ತು. ಮಾತು ಒಂದು ಕೋಣೆಯಲ್ಲಿ ಕೂಡಿಟ್ಟ ಒಡವೆಯಲ್ಲ. ಹಲವು ಮನೆಗಳ ನಡುವಣ ಓಡಾಟ. ದಾರಿ ಕಡಿದುಹೋದರೆ ಓಡಾಟ ನಿಲ್ಲುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ನುಡಿ ಇಂಥ ರೋಗಿಗಳಿಗೆ ಅಕ್ಷರಶಃ ಒಪ್ಪುತ್ತದೆ. ಮಾತು ಮನಸ್ಸಿನ ಕೈಗೆ ಬಂದಿದೆ, ಬಾಯಿಗೆ ಬಾರದು.

ಕೈಯೂ ನಾಲಿಗೆಯೂ ಎಷ್ಟು ಹತ್ತಿರದ ಬಂಧುಗಳೆಂಬುದಕ್ಕೆ ಇನ್ನೆರಡು ಸಾಕ್ಷಿಗಳನ್ನು ಹೇಳಬಹುದು. ಹುಟ್ಟುಕುರುಡರಾದ ಮಕ್ಕಳು ಯಾರ ಕೈಯಾಡಿಕೆಯನ್ನೂ ಕಂಡವರಲ್ಲ. ಆದರೂ ಮಾತನಾಡುವಾಗ ಅವರು ಕೈ ಆಡಿಸುತ್ತಾರೆ. ಎದುರಿಗೆ ಕುಳಿತವನೂ ಕುರುಡನೆಂದು ಗೊತ್ತಿದ್ದರೂ ಆಡಿಸುತ್ತಾರೆ. ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ ಎಂಬ ವಿದುಷಿಯರು 1998ರಲ್ಲಿ ಇದನ್ನು ಪ್ರಕಟಿಸಿದರು. ಕೈಸನ್ನೆ ನೋಡುವವರಿಗಾಗಿ ಮಾತ್ರ ಹುಟ್ಟಿದ್ದಲ್ಲ. ಹೇಳುವವನಿಗೂ ಅದು ಬೇಕು. ಎರಡನೆಯದು ಕಿವುಡರ ಸಂಗತಿ. ಅವರ ಸಂಜ್ಞಾಭಾಷೆ ಸುಮ್ಮನೆ ಕೈ ಬೀಸುವುದಲ್ಲ. ಪೂರ್ಣವಾದ ವ್ಯಾಕರಣವುಳ್ಳ ಭಾಷೆ. ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯಲ್ಲಿ ಅರ್ಸುಲಾ ಬೆಲ್ಲೂಗಿ ಮತ್ತು ಅವರ ಜೊತೆಗಾರರು ಪಾರ್ಶ್ವವಾಯುವಿಗೆ ತುತ್ತಾದ ಕಿವುಡರನ್ನು ಅಭ್ಯಸಿಸಿ, 1987ರಲ್ಲಿ ಪುಸ್ತಕ ಪ್ರಕಟಿಸಿದರು. ಮಿದುಳಿನ ಎಡಪಾಲು ಕೆಟ್ಟಾಗ ಈ ಜನ ಕಳೆದುಕೊಂಡದ್ದು ಕೈಭಾಷೆಯನ್ನು. ಕೈ ಅಲುಗುತ್ತಿತ್ತು, ಆದರೆ ಕೈಯಲ್ಲಿದ್ದ ಮಾತು ತೊದಲುತ್ತಿತ್ತು. ಹೀಗೆ ಮಿದುಳಿಗೆ ಮಾತೆಂದರೆ ನಾಲಿಗೆಯೇ ಆಗಬೇಕೆಂಬ ಹಟವಿಲ್ಲ.

ಈ ನೆರೆಹೊರೆಯ ಸಂಬಂಧದಿಂದ ರೋಗಿಗೆ ಏನಾದರೂ ಪ್ರಯೋಜನವುಂಟೆ? ಉಂಟು. ಮಾತು ಹೋದವರಲ್ಲಿ ಹಲವರು ಹಾಡಬಲ್ಲರೆಂಬುದು ಬಹಳ ಹಿಂದಿನಿಂದ ಕಂಡುಬಂದ ವಿಚಾರ. ನೀರು ಬೇಕೆನ್ನಲಾರದ ಬಾಯಿ, ಎಂದೋ ಕಲಿತ ದೇವರನಾಮವನ್ನು ಸಾಹಿತ್ಯ ಸಮೇತ ಹಾಡಿಬಿಡಬಹುದು. 1973ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮೂವರು ತಜ್ಞರು ಇದನ್ನೇ ಚಿಕಿತ್ಸೆಯಾಗಿ ರೂಪಿಸಿದರು. ಹೇಳಬೇಕಾದ ಸಣ್ಣ ವಾಕ್ಯವನ್ನು ರಾಗವಾಗಿ ಎಳೆದು ಹೇಳಿಸುವುದು. ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈಯಿಂದ ತಾಳ ಹಾಕಿಸುವುದು. ಅವನ ಎದುರಿಗೇ ಕುಳಿತು, ಅವನು ತುಟಿಯನ್ನು ನೋಡುವಂತೆ, ಜೊತೆಯಲ್ಲಿ ಹೇಳುವುದು. ಕಣ್ಣು, ಕೈ, ರಾಗ ಎಲ್ಲವೂ ನಾಲಿಗೆಗೆ ಹೆಗಲು ಕೊಡಬೇಕು. ಎಲ್ಲರಿಗೂ ಇದು ಫಲಿಸುವುದಿಲ್ಲ. ಫಲಿಸಿದವರಿಗೂ ತಿಂಗಳುಗಟ್ಟಲೆ ಸಾಧನೆ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಮಾತಿನ ಚಿಕಿತ್ಸೆಯ ತಜ್ಞರನ್ನು ತರಬೇತು ಮಾಡುತ್ತ ಬಂದಿದೆ. ಇಂಥ ಚಿಕಿತ್ಸೆಯೊಂದು ಉಂಟೆಂಬುದೇ ತಿಳಿಯದ ಮನೆಗಳು ಈಗಲೂ ಇವೆ.

ಈಗ ಮೊದಲು ಕಂಡ ಆ ಮನೆಗೆ ಹಿಂದಿರುಗಬಹುದು. ಕ್ರಿಕೆಟ್ ನೋಡುತ್ತ ಭುಜ ಬೀಸುತ್ತಿದ್ದ ಅಜ್ಜನಿಗೆ ಒಂದು ಬೆಳಗಿನ ಜಾವ ಪಾರ್ಶ್ವವಾಯು ಬಡಿಯಿತೆಂದು ಇಟ್ಟುಕೊಳ್ಳಿ. ಆಸ್ಪತ್ರೆ, ಔಷಧಿ ಎಲ್ಲ ಆಗಿ ಜೀವ ಉಳಿಯಿತು, ಬಲಗೈ ಸೋತಿತು, ಮಾತು ಹೋಯಿತು. ನಂಟರು ಬರುತ್ತಾರೆ. ಬಂದವರಲ್ಲಿ ಕೆಲವರು ಕಿವುಡನಿಗೆ ಹೇಳುವಂತೆ ಅವರ ಕಿವಿಯ ಬಳಿ ಗಟ್ಟಿಯಾಗಿ ಕೂಗುತ್ತಾರೆ. ಕೆಲವರು ಮಗುವನ್ನು ಮಾತನಾಡಿಸುವಂತೆ ಮಾತನಾಡಿಸುತ್ತಾರೆ. ಇನ್ನು ಕೆಲವರು ಅವರ ಮಂಚದ ಪಕ್ಕದಲ್ಲಿಯೇ ಕುಳಿತು, 'ಪಾಪ, ಏನೂ ಗೊತ್ತಾಗುವುದಿಲ್ಲ' ಎಂದು ಮಗನೊಡನೆ ಖರ್ಚಿನ ವಿಷಯ ಎತ್ತುತ್ತಾರೆ. ಮಂಚದ ಮೇಲೆ ಮಲಗಿದವರಿಗೆ ಎಲ್ಲವೂ ಕೇಳುತ್ತಿದೆ. ಬಹುಶಃ ಎಲ್ಲವೂ ಅರ್ಥವಾಗುತ್ತಿದೆ. ಅಲ್ಲ ಎನ್ನಲು ಬಾಯಿಗೆ ಬರುವುದು ಯಾವುದೋ ಒಂದು ಸಲ್ಲದ ಉಚ್ಚಾರ. ಅದನ್ನು ಕೇಳಿ ನಂಟರು ತಲೆಯಾಡಿಸಿ, ತಾವು ಹೇಳಿದ್ದೇ ನಿಜವೆಂದು ನಿಶ್ಚಯಿಸಿಕೊಳ್ಳುತ್ತಾರೆ.

ಎಲ್ಲ ರೋಗಿಗಳೂ ಲೆಬೋರ್ನ್‌ನಂತೆ ಇರುವುದಿಲ್ಲ. ಜರ್ಮನಿಯ ಕಾರ್ಲ್ ವೆರ್ನಿಕೆ ಎಂಬ ವೈದ್ಯ 1874ರಲ್ಲಿ ವರ್ಣಿಸಿದ ಬಗೆಯ ಬೇನೆಯಲ್ಲಿ ಮಾತು ಧಾರಾಳವಾಗಿ ಹರಿಯುತ್ತದೆ, ಗ್ರಹಿಕೆ ಕೆಟ್ಟಿರುತ್ತದೆ. ಯಾರಿಗೆ ಎಷ್ಟು ಉಳಿದಿದೆಯೆಂಬುದನ್ನು ಅಳೆಯುವುದು ತಜ್ಞರ ಕೆಲಸ. ಆದರೆ ಅಳೆಯುವುದಕ್ಕೆ ಮೊದಲೇ ಏನೂ ಉಳಿದಿಲ್ಲವೆಂದು ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲ. ಮನೆಯವರು ಮಾಡಬಹುದಾದದ್ದು ಸಣ್ಣ ಸಣ್ಣ ಕೆಲಸಗಳು. ಎದುರಿಗೆ ಮುಖ ಕಾಣುವಂತೆ ಕುಳಿತು ಮಾತನಾಡುವುದು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುವುದು. ಹೌದು, ಅಲ್ಲ ಎಂದು ತಲೆಯಲ್ಲಿಯೋ ಬೆರಳಿನಲ್ಲಿಯೋ ತಿಳಿಸಲು ಅವಕಾಶ ಕೊಡುವುದು. ಎಲ್ಲಕ್ಕಿಂತ ಮಿಗಿಲಾಗಿ, ಕಾಯುವುದು. ಉತ್ತರ ತಡವಾಗಿ ಬರುತ್ತದೆ. ಬಂದಾಗ ಅದು ನಾಲಿಗೆಯ ಬಾಗಿಲಿನಿಂದಲೇ ಬರಬೇಕೆಂದೇನೂ ಇಲ್ಲ, ನೆರೆಮನೆಯ ಬಾಗಿಲಿನಿಂದಲೂ ಬರಬಹುದು.

ಆ ಮನೆಯಲ್ಲಿ ಇದನ್ನು ಮೊದಲು ಕಂಡುಕೊಳ್ಳುವವನು ಮೊಮ್ಮಗನೇ ಆಗಬಹುದು. ಅವನಿಗೆ ವಿಜ್ಞಾನವೂ ತಿಳಿಯದು, ನಂಟರ ತೀರ್ಮಾನವೂ ತಿಳಿಯದು. ಆಟ ನಡೆಯುತ್ತಿರುವಾಗ ಅವನು ಹೊರಗಿನಿಂದ ಓಡಿಬಂದು, ಎಂದಿನಂತೆಯೇ, 'ತಾತ, ಎಷ್ಟು ವಿಕೆಟ್ ಹೋಯಿತು?' ಎಂದು ಕೇಳಿಬಿಡುತ್ತಾನೆ. ಅಜ್ಜನ ಬಾಯಿ ಏನನ್ನೋ ತೊದಲುತ್ತದೆ. ಹುಡುಗ ಹೋಗುವುದಿಲ್ಲ, ನಿಂತಿರುತ್ತಾನೆ. ಹೊದಿಕೆಯ ಮೇಲಿನ ಎಡಗೈ ಮೆಲ್ಲನೆ ಏಳುತ್ತದೆ; ನಾಲ್ಕು ಬೆರಳು ಬಿಚ್ಚಿಕೊಳ್ಳುತ್ತವೆ. ಹುಡುಗ 'ನಾಲ್ಕಾ!' ಎಂದು ಹೇಳಿ, ಅದರಲ್ಲಿ ವಿಶೇಷವೇನನ್ನೂ ಕಾಣದೆ ಮತ್ತೆ ಹೊರಗೆ ಓಡುತ್ತಾನೆ. ಬಾಗಿಲಲ್ಲಿ ನಿಂತು ನೋಡಿದ ಸೊಸೆಗೆ ಮಾತ್ರ ಕಣ್ಣು ತುಂಬಿ ಬರುತ್ತದೆ.

ರಾತ್ರಿ ಆಕೆ ಗಂಜಿಯ ಬಟ್ಟಲನ್ನು ಹಿಡಿದು ಮಾವನ ಮಂಚದ ಬಳಿ ಕುಳಿತುಕೊಳ್ಳುತ್ತಾಳೆ. ಚಮಚವನ್ನು ಅವರ ತುಟಿಯ ಬಳಿಗೆ ಒಯ್ಯುವಾಗ ಆಕೆಯ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮುದುಕರು ಅದನ್ನೇ ನೋಡುತ್ತಾರೆ. ಅವರ ಬಾಯಿಯೂ ತೆರೆಯುತ್ತದೆ.